ತರಬೇತಿಗೆ ಮೊದಲು ಲೆಕ್ಕ ತೆಗೆಯಿರಿ: ಸಮಾನತೆ-ವೈವಿಧ್ಯ ಸಲಹೆಗಾರರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ತೆ. ಇನ್ನೂರು ಜನ ಇರೋ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿದ್ದೀನಿ. ನಮ್ಮಲ್ಲಿ ಹೆಂಗಸರು ಕಡಿಮೆ, ಅಂಗವಿಕಲರಂತೂ ಇಲ್ಲವೇ ಇಲ್ಲ. ಹೊರಗಿನಿಂದ ಸಲಹೆಗಾರರನ್ನ ಕರೆಸಿ ಎಲ್ಲರಿಗೂ ಒಂದು ದಿನದ ವೈವಿಧ್ಯ ತರಬೇತಿ ಕೊಡಿಸಿ ಅಂತ ಎಂಡಿ ಹೇಳಿದ್ದಾರೆ. ನೀವು ಇದೇ ಕೆಲಸ ಮಾಡೋರು. ಒಂದು ದಿನದಲ್ಲಿ ಏನಾದ್ರೂ ಬದಲಾಗುತ್ತಾ? ಎಂಥವರನ್ನ ಕರೆಸಬೇಕು?

ಉತ್ತರ: ನಮಸ್ತೆ. ಹೊಟ್ಟೆಪಾಡು ನೋಡಿಕೊಂಡರೆ ನಾನು ‘ಖಂಡಿತ ಮಾಡಿಸಿ’ ಅನ್ನಬೇಕು. ಒಂದು ಸಲ ಸ್ಲೈಡ್ ಮಾಡಿಟ್ಟುಕೊಂಡರೆ ಹತ್ತು ಕಡೆ ಅದನ್ನೇ ಓಡಿಸಬಹುದಾದ ಕೆಲಸ ಅದು. ಆದರೂ ಹೇಳುತ್ತೇನೆ, ಈಗಲೇ ಬೇಡ.

ಸಮಾಜಶಾಸ್ತ್ರಜ್ಞರಾದ ಅಲೆಕ್ಸಾಂಡ್ರಾ ಕಲೇವ್, ಫ್ರಾಂಕ್ ಡಾಬಿನ್ ಮತ್ತು ಎರಿನ್ ಕೆಲ್ಲಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ 708 ಖಾಸಗಿ ಸಂಸ್ಥೆಗಳ 1971ರಿಂದ 2002ರವರೆಗಿನ ದಾಖಲೆ ತೆಗೆದು, ಏನು ಮಾಡಿದ ಮೇಲೆ ಮ್ಯಾನೇಜರ್ ಹುದ್ದೆಗಳಲ್ಲಿ ಹೆಂಗಸರು ಮತ್ತು ಕಪ್ಪು ವರ್ಣೀಯರು ಹೆಚ್ಚಾದರು ಅಂತ ನೋಡಿದರು. ಪೂರ್ವಗ್ರಹ ಕಳೆಯುವ ತರಬೇತಿ ತೀರಾ ಕಡಿಮೆ ಫಲ ಕೊಟ್ಟವುಗಳ ಸಾಲಿನಲ್ಲಿತ್ತು. ಹೆಚ್ಚು ಫಲ ಕೊಟ್ಟದ್ದು ಹೊಣೆ ಹೊರಿಸುವ ಏರ್ಪಾಟು, ಅಂದರೆ ಇದನ್ನು ನೋಡಿಕೊಳ್ಳಲು ಗೊತ್ತಾದ ಸಿಬ್ಬಂದಿ, ಒಂದು ಸಮಿತಿ, ಇಂಥವು. ಆಶ್ಚರ್ಯವೇನಿಲ್ಲ. ತರಬೇತಿ ಮುಗಿಸಿ ಬಂದವರ ಮೇಜಿನ ಮೇಲೆ ಅದೇ ಅರ್ಜಿ ಫಾರಂ, ಅದೇ ಅಪ್ರೈಸಲ್ ಫಾರಂ, ಸಹಿ ಹಾಕಲು ಅದೇ ಸಾಹೇಬರು ಇದ್ದರೆ ಏನು ತಾನೇ ಬದಲಾಗಬೇಕು?

ಮೊದಲು ಲೆಕ್ಕ ತೆಗೆಯಿರಿ. ಒಂದೇ ಬಗೆಯ ಹುದ್ದೆಗಳಿಗೆ 60 ಗಂಡಸರು, 40 ಹೆಂಗಸರು ಅರ್ಜಿ ಹಾಕಿದ್ದಾರೆ ಅಂದುಕೊಳ್ಳಿ. ಇಂಟರ್‌ವ್ಯೂಗೆ ಕರೆದದ್ದು 30 ಗಂಡಸರನ್ನು, 12 ಹೆಂಗಸರನ್ನು. ಕೆಲಸ ಸಿಕ್ಕಿದ್ದು 6 ಗಂಡಸರಿಗೆ, 3 ಹೆಂಗಸರಿಗೆ. ಒಂಬತ್ತರಲ್ಲಿ ಮೂವರೇ ಹೆಂಗಸರು, ಇಂಟರ್‌ವ್ಯೂ ಮಾಡುವವರಿಗೆ ಬುದ್ಧಿ ಹೇಳಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಇಂಟರ್‌ವ್ಯೂವರೆಗೆ ಬಂದ ಗಂಡಸರಲ್ಲಿ ಶೇ. 20, ಹೆಂಗಸರಲ್ಲಿ ಶೇ. 25 ಆಯ್ಕೆಯಾಗಿದ್ದಾರೆ. ಪೆಟ್ಟು ಬಿದ್ದಿರುವುದು ಅದಕ್ಕೂ ಮೊದಲು. ಅರ್ಜಿ ಹಾಕಿದವರಲ್ಲಿ ಶಾರ್ಟ್‌ಲಿಸ್ಟ್ ಆದದ್ದು, ಅಂದರೆ ಇಂಟರ್‌ವ್ಯೂಗೆ ಕರೆ ಬಂದದ್ದು, ಗಂಡಸರಲ್ಲಿ ಶೇ. 50, ಹೆಂಗಸರಲ್ಲಿ ಶೇ. 30. ಅಮೆರಿಕದಲ್ಲಿ 1978ರ ಮಾರ್ಗಸೂಚಿಯ ‘ಐದರಲ್ಲಿ ನಾಲ್ಕು’ ಎಂಬ ನಿಯಮವಿದೆ. ಒಂದು ಗುಂಪಿನ ಆಯ್ಕೆ ಪ್ರಮಾಣ, ಅತಿ ಹೆಚ್ಚು ಆಯ್ಕೆಯಾದ ಗುಂಪಿನ ಪ್ರಮಾಣದ ಶೇ. 80ಕ್ಕಿಂತ ಕಡಿಮೆ ಇದ್ದರೆ ಎಲ್ಲೋ ತೊಂದರೆ ಇದೆ ಅಂತ ಲೆಕ್ಕ. ಇಲ್ಲಿ 50ಕ್ಕೆ 30, ಅಂದರೆ ಶೇ. 60.

ಈಗ ಜಾಹೀರಾತು ತೆಗೆದು ಓದಿ. ‘ಸತತ ಐದು ವರ್ಷಗಳ ಅನುಭವ’ ಅಂತಿರುತ್ತೆ. ಆ ‘ಸತತ’ ಯಾಕೆ ಬಂತು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ, ಹಳೇ ಜಾಹೀರಾತಿನಿಂದ ಹಾಗೇ ಕಾಪಿ ಆಗಿರುತ್ತೆ. ಹೆರಿಗೆಗೋ, ಕಾಯಿಲೆಗೋ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದಕ್ಕೋ ಒಂದು ವರ್ಷ ಕೆಲಸ ಬಿಟ್ಟವರೆಲ್ಲ ಅಲ್ಲಿಗೇ ಔಟ್. ಬರೆದವರಿಗೆ ಯಾರ ಮೇಲೂ ದ್ವೇಷವಿಲ್ಲ. ಇದನ್ನೇ ಪರೋಕ್ಷ ತಾರತಮ್ಯ ಅನ್ನುವುದು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗ್ರಿಗ್ಸ್ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. ಅಲ್ಲಿ ಕಂಪನಿ ಹೈಸ್ಕೂಲ್ ಪ್ರಮಾಣಪತ್ರ ಮತ್ತು ಬುದ್ಧಿಮತ್ತೆ ಪರೀಕ್ಷೆಯ ಷರತ್ತು ಹಾಕಿತ್ತು. ಕಪ್ಪು ವರ್ಣೀಯರೇ ಹೆಚ್ಚಾಗಿ ಹೊರಗುಳಿದರು. ಉದ್ದೇಶ ಏನೇ ಇರಲಿ, ಕೆಲಸಕ್ಕೆ ಸಂಬಂಧವಿದೆ ಅಂತ ತೋರಿಸಲಾಗದ ಇಂಥ ಷರತ್ತು ನಿಲ್ಲುವುದಿಲ್ಲ ಅಂತ ತೀರ್ಪಾಯಿತು.

ಇನ್ನೂರು ಜನರ ಕಂಪನಿಯಲ್ಲಿ ಒಬ್ಬರು ಆಚೀಚೆಯಾದರೂ ಶೇಕಡಾವಾರು ಎತ್ತೆತ್ತಲೋ ಹೋಗುತ್ತೆ, ಹಾಗಾಗಿ ಎರಡು ಮೂರು ವರ್ಷದ ಲೆಕ್ಕ ಒಟ್ಟಿಗೆ ತೆಗೆಯಿರಿ.

ಅಂಗವಿಕಲರು ‘ಇಲ್ಲವೇ ಇಲ್ಲ’ ಅಂದಿರಲ್ಲ, ಅದು ನಿಜವಾ? ಒಂದು ಕಿವಿ ಕೇಳಿಸದವರು, ಮೂರ್ಛೆ ರೋಗಕ್ಕೆ ಮಾತ್ರೆ ತಗೊಳ್ಳುವವರು ಇನ್ನೂರು ಜನರಲ್ಲಿ ಇರಬಹುದು. ಹೇಳಿಕೊಂಡರೆ ಪ್ರಮೋಷನ್‌ಗೆ ಕುತ್ತು ಅಂತ ಸುಮ್ಮನಿರುತ್ತಾರೆ. ಹೊರಗಿನವರ ಅರ್ಜಿಯೇ ಬರುತ್ತಿಲ್ಲ ಅಂದರೆ ನಿಮ್ಮ ಆನ್‌ಲೈನ್ ಅರ್ಜಿಯನ್ನು ಸ್ಕ್ರೀನ್ ರೀಡರ್‌ನಲ್ಲಿ, ಅಂದರೆ ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದಲ್ಲಿ, ಒಮ್ಮೆ ತುಂಬಿಸಿ ನೋಡಿ. ಅರ್ಧಕ್ಕೇ ನಿಂತುಬಿಡುವ ಫಾರಂಗಳು ಬೇಕಾದಷ್ಟಿವೆ.

ಎಂಥವರನ್ನು ಕರೆಸಬೇಕು ಅಂದಿರಿ. ಮೊದಲ ಮಾತುಕತೆಯಲ್ಲೇ ಅರ್ಜಿ, ಪ್ರಮೋಷನ್, ಸಂಬಳ, ರಾಜೀನಾಮೆಗಳ ಲೆಕ್ಕ ಕೇಳುವವರನ್ನು. ಸರ್ಟಿಫಿಕೇಟಿನ ಮಾತು ಮೊದಲು ಎತ್ತುವವರನ್ನು ಬಿಟ್ಟುಬಿಡಿ.

ಅವರೇ ಮತ್ತೆ: ಮೇಡಂ, ತರಬೇತಿಗೆ ತಾರೀಖು ಗೊತ್ತಾಗಿಬಿಟ್ಟಿದೆ. ಈಗ ಬೇಡ ಅಂದ್ರೆ ಎಂಡಿ ಬೈತಾರೆ.

ಉತ್ತರ: ಹಾಗಾದರೆ ರದ್ದು ಮಾಡಬೇಡಿ, ಮೊಟಕು ಮಾಡಿ. ಶಾರ್ಟ್‌ಲಿಸ್ಟ್ ಮಾಡುವವರನ್ನಷ್ಟೇ ಅರ್ಧ ದಿನ ಕೂರಿಸಿ. ಹಿಂದಿನ ನೇಮಕಾತಿಯ ಜಾಹೀರಾತು, ಹೆಸರು ಮುಚ್ಚಿದ ಅರ್ಜಿಗಳು ಅವರ ಕೈಗೆ ಕೊಡಿ. ಒಂದೊಂದು ಷರತ್ತಿಗೂ ‘ಇದಿಲ್ಲದಿದ್ದರೆ ಕೆಲಸದ ಯಾವ ಭಾಗ ನಿಲ್ಲುತ್ತೆ?’ ಅಂತ ಬರೆಸಿ. ಉತ್ತರ ಸಿಗದ ಷರತ್ತನ್ನು ಅಲ್ಲೇ ಹೊಡೆದುಹಾಕಿಸಿ.

ಮತ್ತೊಬ್ಬರು: ನಾನು ಪ್ರೊಡಕ್ಷನ್ ಮ್ಯಾನೇಜರ್. ಬೇಜಾರಾಗಬೇಡಿ, ಇದೆಲ್ಲ ಕೊನೆಗೆ ಯೋಗ್ಯತೆ ಬದಿಗಿಟ್ಟು ಸಂಖ್ಯೆ ತುಂಬಿಸೋ ಆಟ ಅಲ್ವಾ?

ಉತ್ತರ: ಬೇಜಾರೇನಿಲ್ಲ ಸರ್, ಎಲ್ಲ ಕಡೆ ಈ ಪ್ರಶ್ನೆ ಬರುತ್ತೆ. ಯೋಗ್ಯತೆ ನೋಡಿಯೇ ಆರಿಸುತ್ತಿದ್ದೇವೆ ಅನ್ನುವುದಕ್ಕೆ ಪುರಾವೆ ಏನು ಅನ್ನುವುದು ನನ್ನ ಮರುಪ್ರಶ್ನೆ. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್, ಶಿಕಾಗೊ ನಗರಗಳಲ್ಲಿ ಸುಮಾರು 5,000 ಬಯೋಡೇಟಾ ಕಳಿಸಿ ನೋಡಿದರು. ಯಾವ ಬಯೋಡೇಟಾಗೆ ಬಿಳಿಯರದ್ದು ಅನ್ನಿಸುವ ಹೆಸರು, ಯಾವುದಕ್ಕೆ ಕಪ್ಪು ವರ್ಣೀಯರದ್ದು ಅನ್ನಿಸುವ ಹೆಸರು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದರು. ಬಿಳಿಯರ ಹೆಸರಿಗೆ ಸುಮಾರು ಶೇ. 50ರಷ್ಟು ಹೆಚ್ಚು ಕರೆ ಬಂತು. ಅದು ಪ್ರಕಟವಾದದ್ದು 2004ರಲ್ಲಿ. ಆ ಕಂಪನಿಗಳಲ್ಲೂ ಕೇಳಿದ್ದರೆ ‘ನಾವು ಯೋಗ್ಯತೆ ಮಾತ್ರ ನೋಡುತ್ತೇವೆ’ ಅಂತಲೇ ಅನ್ನುತ್ತಿದ್ದರೇನೋ.

ನಿಮ್ಮ ಇಂಟರ್‌ವ್ಯೂ ಅಂಕಪಟ್ಟಿಯಲ್ಲಿ ‘ಟೀಮ್‌ಗೆ ಹೊಂದುತ್ತಾರಾ’ ಅನ್ನುವ ಕಾಲಂ ಇದೆಯಾ? ಇದ್ದರೆ ಅದರಲ್ಲಿ ಕಡಿಮೆ ಅಂಕ ಯಾರಿಗೆ ಬಿದ್ದಿದೆ ಅಂತ ಮಾತ್ರ ನೋಡಿ. ತಾಂತ್ರಿಕ ಪ್ರಶ್ನೆಗಳಲ್ಲಿ ಮುಂದಿದ್ದವರನ್ನು ಕೆಳಗಿಳಿಸುವುದು ಎಷ್ಟೋ ಸಲ ಈ ಕಾಲಂ. ಎಲ್ಲರಿಗೂ ಅದೇ ಪ್ರಶ್ನೆ ಕೇಳಿ, ಅದೇ ಕ್ರಮದಲ್ಲಿ ಕೇಳಿ. ಮೂವರು ಕೂತಿದ್ದರೆ ಪರಸ್ಪರ ಮಾತಾಡುವ ಮೊದಲೇ ಮೂವರೂ ತಂತಮ್ಮ ಅಂಕ ಬರೆದಿಡಲಿ, ಇಲ್ಲದಿದ್ದರೆ ಹಿರಿಯರು ಹೇಳಿದ್ದಕ್ಕೆ ಉಳಿದಿಬ್ಬರು ತಲೆಯಾಡಿಸಿಬಿಡುತ್ತಾರೆ. ಇಷ್ಟಕ್ಕೆ ಮೀಸಲಾತಿಯ ಮಾತೇ ಬೇಕಿಲ್ಲ.

ಮತ್ತೊಬ್ಬರು: ನಮ್ಮಲ್ಲಿ ಎರಡೇ ಗ್ರೇಡು, ಒಂದು ಗ್ರೇಡಿನಲ್ಲಿರೋ ಎಲ್ಲರಿಗೂ ಒಂದೇ ಸಂಬಳ. ಆದ್ರೂ ಸಲಹೆಗಾರರು ಬಂದು ಗಂಡಸರ-ಹೆಂಗಸರ ಸಂಬಳದಲ್ಲಿ ಶೇ. 25 ಅಂತರ ಇದೆ ಅಂತ ಬರೆದು ಹೋಗಿದ್ದಾರೆ. ಯಾವುದನ್ನ ನಂಬೋದು?

ಉತ್ತರ: ಎರಡೂ ನಿಜ ಇರಬಹುದು. ಕೆಳಗಿನ ಗ್ರೇಡಿಗೆ 100, ಮೇಲಿನದಕ್ಕೆ 200 ಅಂತಿಟ್ಟುಕೊಳ್ಳಿ. ಹತ್ತು ಹೆಂಗಸರಲ್ಲಿ ಎಂಟು ಜನ ಕೆಳಗೆ, ಇಬ್ಬರು ಮೇಲೆ. ಸರಾಸರಿ 120. ಹತ್ತು ಗಂಡಸರಲ್ಲಿ ನಾಲ್ವರು ಕೆಳಗೆ, ಆರು ಜನ ಮೇಲೆ. ಸರಾಸರಿ 160. ಅಂತರ ಶೇ. 25, ಒಂದೇ ಒಂದು ಪೇ ಸ್ಲಿಪ್ಪಿನಲ್ಲೂ ತಪ್ಪಿಲ್ಲ. ಹಾಗಾದರೆ ಹುಡುಕಬೇಕಾದ್ದು ಸಂಬಳದಲ್ಲಲ್ಲ, ಪ್ರಮೋಷನ್‌ನಲ್ಲಿ. ಬ್ರಿಟನ್‌ನಲ್ಲಿ 250 ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗಳು 2017ರಿಂದ ವರ್ಷವರ್ಷವೂ ಪ್ರಕಟಿಸಬೇಕಾಗಿರುವುದು ಈ ಬಗೆಯ ಒಟ್ಟಾರೆ ಅಂತರವನ್ನೇ. ಅಲ್ಲಿ ಸರಾಸರಿಯ ಜೊತೆ ಮಧ್ಯಾಂಕವನ್ನೂ (ಎಲ್ಲರ ಸಂಬಳ ಏರಿಕೆ ಕ್ರಮದಲ್ಲಿ ಬರೆದರೆ ನಟ್ಟನಡುವೆ ಬರುವುದನ್ನು) ಕೇಳುತ್ತಾರೆ, ಯಾಕೆಂದರೆ ಮೇಲಿನ ಒಬ್ಬಿಬ್ಬರ ದೊಡ್ಡ ಸಂಬಳ ಸರಾಸರಿಯನ್ನು ಎಳೆದುಬಿಡುತ್ತೆ.

ಗ್ರೇಡುಗಳನ್ನು ಯಾರು, ಹೇಗೆ ಕಟ್ಟಿದರು ಅನ್ನುವುದನ್ನೂ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ 100ನೇ ಒಡಂಬಡಿಕೆ ಹೇಳುವುದು ‘ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ’ ಅಂತ. ಕೆಲಸ ಒಂದೇ ಆಗಿರಬೇಕಿಲ್ಲ. ಕೌಶಲ, ಶ್ರಮ, ಹೊಣೆ, ಕೆಲಸದ ಪರಿಸ್ಥಿತಿ ಈ ನಾಲ್ಕನ್ನೂ ತೂಗಿ ನೋಡಬೇಕು. ಭಾರ ಎತ್ತುವುದನ್ನು ಶ್ರಮ ಅಂತ ಲೆಕ್ಕ ಹಾಕಿ, ದಿನವಿಡೀ ಸಿಟ್ಟಿಗೆದ್ದ ಗ್ರಾಹಕರ ಫೋನ್ ಎತ್ತುವುದನ್ನು ಲೆಕ್ಕಕ್ಕೇ ತಗೊಳ್ಳದ ಪಟ್ಟಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮತ್ತೊಬ್ಬರು: ನಮ್ಮ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಎಲ್ಲಾ ಸಮಿತಿಗೂ, ಎಲ್ಲಾ ಫೋಟೋಗೂ ನನ್ನನ್ನೇ ಕರೀತಾರೆ. ಕೆಲಸ ಹಿಂದೆ ಬೀಳ್ತಿದೆ, ಅಪ್ರೈಸಲ್‌ನಲ್ಲಿ ಅದಕ್ಕೇ ಅಂಕ ಕಟ್.

ಉತ್ತರ: ಆ ಸಮಿತಿಗಳಿಗೆ ಹೋದ ಗಂಟೆಗಳನ್ನೆಲ್ಲ ಒಂದು ಕಡೆ ಬರೆದಿಡಿ. ‘ಇದು ನನ್ನ ಕೆಲಸದ ಪಟ್ಟಿಗೆ ಸೇರಲಿ, ಇಲ್ಲವೇ ಇದರಿಂದ ನನ್ನನ್ನು ಬಿಡಿಸಿ’ ಅಂತ ಅಪ್ರೈಸಲ್‌ಗೆ ಮೊದಲೇ ಮೇಲ್ ಹಾಕಿ. ಬಾಯಿಮಾತಲ್ಲಿ ಬೇಡ. ಫೋಟೋಗೆ ಬರಲ್ಲ ಅನ್ನಲು ಕಾರಣ ಕೊಡಬೇಕಾಗಿಯೇ ಇಲ್ಲ.

ಮತ್ತೊಬ್ಬರು: ಮೇಡಂ, ಈ ವೃತ್ತಿಗೆ ಬರೋಕೆ ಏನು ಓದಬೇಕು?

ಉತ್ತರ: ಇದೇ ಡಿಗ್ರಿ ಆಗಬೇಕು ಅಂತಿಲ್ಲ. ಎಚ್‌ಆರ್, ಕಾನೂನು, ಸಮಾಜಶಾಸ್ತ್ರ ಯಾವುದರಿಂದಲಾದರೂ ಬರಬಹುದು. ನಾಲ್ಕೈದು ವರ್ಷ ಸಂಸ್ಥೆಯೊಂದರ ಒಳಗೇ ಕೆಲಸ ಮಾಡಿ, ನೇಮಕಾತಿ ಮತ್ತು ಸಂಬಳದ ಫೈಲು ಕೈಯಾರೆ ನೋಡಿ. ಕಾರ್ಮಿಕ ಕಾನೂನನ್ನು ಮೂಲದಲ್ಲೇ ಓದುವ ರೂಢಿ ಬೆಳೆಸಿಕೊಳ್ಳಿ. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯಿಂದ (ಐಎಸ್‌ಒ) ಐಎಸ್‌ಒ 30415 ಅಂತ 2021ರಲ್ಲಿ ವೈವಿಧ್ಯದ ಕುರಿತ ಮಾನದಂಡವೊಂದು ಬಂದಿದೆ, ಯಾರ ಹೊಣೆ ಎಲ್ಲಿ ಅಂತ ತಿಳಿಯಲು ಒಳ್ಳೆಯದು. ಎಕ್ಸೆಲ್ ಚೆನ್ನಾಗಿ ಕಲಿಯಿರಿ. ಭಾಷಣ ಮಾಡಲು ಬರದಿದ್ದರೂ ನಡೆಯುತ್ತೆ.