ಮುರುಗಲು ತುಪ್ಪದ ಮುಲಾಮು ರವೆರವೆ ಆಗ್ತಿದೆ, ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ರ. ಚಳಿ ಶುರುವಾದ್ರೆ ನಮ್ಮತ್ತೆಗೆ ಹಿಮ್ಮಡಿ ಒಡೆದು ನಡೆಯೋಕೇ ಆಗಲ್ಲ. ಅದಕ್ಕೇ ಮೇ ತಿಂಗಳಲ್ಲಿ ಬೆಟ್ಟದಿಂದ ತಂದ ಮುರುಗಲು ಹಣ್ಣಿನ ಬೀಜ ಒಣಗಿಸಿ ಇಟ್ಟಿದ್ದೆ. (ಘಟ್ಟದ ಕೆಳಗೆ ಪುನರ್ಪುಳಿ ಅಂತಾರಲ್ಲ, ಅದೇ.) ಸಿಪ್ಪೆಯೆಲ್ಲ ಶರಬತ್ತಿಗೆ ಖರ್ಚಾಯ್ತು ಬಿಡಿ.

ಅತ್ತೆ ಹೇಳಿದ ಹಾಗೇ ಬೀಜ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡು ತೆಗೆದೆ. ತುಪ್ಪ ಚೆನ್ನಾಗೇ ಬಂತು, ಆದ್ರೆ ಮೇಣದ ಬಿಲ್ಲೆ ಥರ ಗಟ್ಟಿ. ಹಚ್ಚೋಕೆ ಸಲೀಸಾಗ್ಲಿ ಅಂತ 100 ಗ್ರಾಂ ತುಪ್ಪಕ್ಕೆ ಅಷ್ಟೇ ಕೊಬ್ಬರಿ ಎಣ್ಣೆ, 20 ಗ್ರಾಂ ಜೇನುಮೇಣ ಹಾಕಿ ಕರಗಿಸಿದೆ. ಮೊದಲ ದಿನ ಬೆಣ್ಣೆ ಹಾಗಿತ್ತು. ವಾರ ಕಳೆಯೋದ್ರಲ್ಲಿ ರವೆರವೆ! ಅಂಗೈಲಿ ಉಜ್ಜಿದ್ರೆ ಕಾಳು ಕರಗುತ್ತೆ, ವಾಸನೆನೂ ಕೆಟ್ಟಿಲ್ಲ, ಬೂಸ್ಟೂ ಬಂದಿಲ್ಲ.

ಮತ್ತೆ ಕರಗಿಸಿ ಬಟ್ಟೇಲಿ ಸೋಸಿ ನೋಡ್ದೆ. ಬಟ್ಟೇಲಿ ಏನೂ ಉಳಿಲಿಲ್ಲ, ಆದ್ರೂ ನಾಲ್ಕೇ ದಿನಕ್ಕೆ ಅದೇ ಕಥೆ. ಜೇನುಮೇಣ ಜಾಸ್ತಿ ಮಾಡಿದ್ರೆ ಕಾಲಿಗೆ ಅಂಟ್ಕೊಳ್ಳುತ್ತೆ ಅಂತ ಅತ್ತೆ ಗೊಣಗ್ತಾರೆ.

ನನ್ನ ಗೊಂದಲ ಇಷ್ಟೇ. ಕುದಿಸಿದ ನೀರಿನ ಪಸೆ ತುಪ್ಪದಲ್ಲೇ ಉಳ್ಕೊಂಡಿದ್ಯಾ, ಇಲ್ಲಾ ಒಲೆ ಪಕ್ಕದಲ್ಲೇ ಇಟ್ಟು ನಿಧಾನಕ್ಕೆ ಆರಿಸಿದ್ದೇ ತಪ್ಪಾ? ನೀರಿದ್ರೆ ಚಟಪಟ ಅನ್ನೋದು ನಿಲ್ಲೋವರೆಗೆ ಇನ್ನೊಮ್ಮೆ ಕಾಯಿಸ್ಬಹುದು. ಆರಿಸೋದ್ರಲ್ಲೇ ತಪ್ಪಿದ್ರೆ ಡಬ್ಬಿನ ತಕ್ಷಣ ತಣ್ಣೀರಲ್ಲಿ ಇಡ್ಬೇಕಾ, ಫ್ರಿಜ್ಜಲ್ಲಾ? ಮನೇಲಿ ಮುರುಗಲು ತುಪ್ಪ ಅಥವಾ ಉಪ್ಪಾಗೆ (ಮುರುಗಲಿನ ಜಾತಿದೇ ಇನ್ನೊಂದು ಹುಳಿ ಹಣ್ಣು) ತುಪ್ಪದ ಮುಲಾಮು ಮಾಡಿದವ್ರು ಇದ್ರೆ, ನೀವು ಹೇಗೆ ಆರಿಸ್ತೀರಾ ಹೇಳ್ತೀರಾ?