‘ವ್ಯರ್ಥ ಚಿಕಿತ್ಸೆ’ ಎನ್ನಬಹುದೇ? ‘ನಿಲ್ಲಿಸು’ ಸರಿಯೇ?

ತೀವ್ರ ನಿಗಾ ಘಟಕದಲ್ಲಿರುವ ರೋಗಿಗಳ ಮನೆಯವರಿಗಾಗಿ ಕನ್ನಡದಲ್ಲಿ ಒಂದು ತಿಳಿವಳಿಕೆ ಪತ್ರ ಸಿದ್ಧಪಡಿಸುತ್ತಿದ್ದೇನೆ. ಗುಣವಾಗುವ ಆಸೆ ಉಳಿಯದಿದ್ದಾಗ ಏನು ಮಾಡುವುದು, ವೈದ್ಯರ ಮಾತಿಗೂ ಮನೆಯವರ ಮಾತಿಗೂ ತಾಳೆಯಾಗದಿದ್ದರೆ ಏನು ದಾರಿ ಎಂಬ ಭಾಗಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ. ಮೊದಲ ಕರಡಿನಲ್ಲಿ ‘ಮುಂದಿನ ಚಿಕಿತ್ಸೆ ವ್ಯರ್ಥವೆಂದು ಕಂಡುಬಂದರೆ ಅದನ್ನು ನಿಲ್ಲಿಸಲಾಗುವುದು’ ಎಂದು ಬರೆದಿದ್ದೆ. ಅಂಥದೇ ಘಟಕದಲ್ಲಿ ತಾಯಿಯನ್ನು ಕಳೆದುಕೊಂಡ ಒಬ್ಬ ಮಹಿಳೆಗೆ ಅದನ್ನು ಓದಲು ಕೊಟ್ಟೆ. ಅವರು ‘ವ್ಯರ್ಥ’ದ ಕೆಳಗೆ ಬೆರಳಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ‘ಹಾಗಾದರೆ ಹದಿನೆಂಟು ದಿನ ನಾವು ಮಾಡಿದ್ದೆಲ್ಲ?’ ಎಂದರು.

ನಾನು ಬರೆದದ್ದು ಮುಂದಿನ ಚಿಕಿತ್ಸೆಯ ಬಗ್ಗೆ. ಆದರೆ ಕನ್ನಡದಲ್ಲಿ ‘ವ್ಯರ್ಥ’ ಹಿಂದಕ್ಕೆ ಹೋಗಿ ಮುಟ್ಟುತ್ತದೆ. ಶ್ರಮ ವ್ಯರ್ಥವಾಯಿತು, ಹಣ ವ್ಯರ್ಥವಾಯಿತು, ಕಾಲ ವ್ಯರ್ಥವಾಯಿತು: ಆಗಲೇ ಸುರಿದುಬಿಟ್ಟ ವಸ್ತುವಿನ ಮೇಲೆಯೇ ಅದರ ಕಣ್ಣು. ಜೊತೆಗೆ ‘ವ್ಯರ್ಥ’ದೊಳಗಿನ ‘ಅರ್ಥ’ಕ್ಕೆ ಪ್ರಯೋಜನ ಎಂಬಂತೆಯೇ ಹಣ ಎಂಬ ಅರ್ಥವೂ ಇದೆ. ಖರ್ಚಿನ ಚಿಂತೆಯಲ್ಲಿರುವ ಮನೆಯವರಿಗೆ ವೈದ್ಯರು ಲೆಕ್ಕ ಹಾಕುತ್ತಿದ್ದಾರೆ ಎಂದೇ ಕೇಳಿಸುತ್ತದೆ. ಅಲ್ಲಿಂದ ಮುಂದೆ ವೈದ್ಯರು ಏನು ಹೇಳಿದರೂ ಕಿವಿಗೆ ಬೀಳುವುದಿಲ್ಲ.

‘ನಿಷ್ಫಲ’ ಇದಕ್ಕಿಂತ ವಾಸಿ ಎನಿಸಿತು. ಆದರೆ ಯಾವ ಫಲ, ಯಾರು ಕಂಡ ಫಲ? 1991ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಹೆಲ್ಗಾ ವಾಂಗ್ಲಿ ಎಂಬ ವೃದ್ಧೆಯ ವಿಷಯ ನ್ಯಾಯಾಲಯಕ್ಕೆ ಹೋಯಿತು. ಅರಿವು ಮರಳದ ಸ್ಥಿತಿಯಲ್ಲಿದ್ದ ಅವರಿಗೆ ವೆಂಟಿಲೇಟರ್‌ನಿಂದ ಉಪಯೋಗವಿಲ್ಲ ಎಂದು ವೈದ್ಯರು ಹೇಳಿದರು. ಅದನ್ನು ತೆಗೆಯಲು ಗಂಡ ಒಪ್ಪಲಿಲ್ಲ. ನ್ಯಾಯಾಲಯ ನಿರ್ಧಾರದ ಹಕ್ಕನ್ನು ಗಂಡನಿಗೇ ಬಿಟ್ಟಿತು. ಮೂರು ದಿನಗಳ ಬಳಿಕ ಆಕೆ ತೀರಿಕೊಂಡರು. ಯಂತ್ರ ಉಸಿರಾಡಿಸುತ್ತಿತ್ತು, ಹಾಗಾಗಿ ಗಂಡನಿಗೆ ಅದು ಸಫಲ. ಆಕೆಗೆ ಅರಿವು ಮರಳುವಂತಿರಲಿಲ್ಲ, ಹಾಗಾಗಿ ವೈದ್ಯರಿಗೆ ನಿಷ್ಫಲ. ಇಬ್ಬರೂ ಸುಳ್ಳಾಡಲಿಲ್ಲ. 2015ರಲ್ಲಿ ಅಮೆರಿಕ ಮತ್ತು ಯುರೋಪಿನ ಐದು ವೈದ್ಯಕೀಯ ಸಂಘಗಳು ಒಟ್ಟಾಗಿ ಈ ಗೊಂದಲವನ್ನು ಬಿಡಿಸಲು ಪದಗಳನ್ನೇ ಬೇರ್ಪಡಿಸಿದವು. ದೇಹದ ಮೇಲೆ ಆಗಬೇಕಾದ ಪರಿಣಾಮ ಆಗುವುದೇ ಇಲ್ಲವೆಂದಾದರೆ ಮಾತ್ರ ‘ನಿಷ್ಫಲ’. ಪರಿಣಾಮವಾದೀತು, ಆದರೆ ಅದನ್ನು ಕೊಡುವುದು ತಕ್ಕದ್ದೇ ಎಂಬ ಬಗ್ಗೆ ವೈದ್ಯರಿಗೆ ಆಕ್ಷೇಪವಿದ್ದರೆ ‘ತಕ್ಕದ್ದಲ್ಲದಿರಬಹುದಾದ’ ಚಿಕಿತ್ಸೆ. ಎರಡನೆಯದು ಮಾತುಕತೆಗೆ ಬಾಗಿಲು ತೆರೆದಿಡುತ್ತದೆ. ಕನ್ನಡದಲ್ಲಿ ಅದು ಬಾಯಿಗೆ ಸಲೀಸಾಗಿ ಬರುವುದಿಲ್ಲ. ಇದಕ್ಕೆ ಒಂದು ಚಿಕ್ಕ ಮಾತು ಬೇಕು.

ಹಳೆಯ ಪದಗಳನ್ನೂ ತಡಕಿದೆ. ಆಯುರ್ವೇದದ ಚರಕಸಂಹಿತೆಯಲ್ಲಿ ರೋಗಗಳು ನಾಲ್ಕು ಬಗೆ: ಸುಖಸಾಧ್ಯ (ಸುಲಭವಾಗಿ ವಾಸಿಯಾಗುವುದು), ಕೃಚ್ಛ್ರಸಾಧ್ಯ (ಕಷ್ಟದಿಂದ ವಾಸಿಯಾಗುವುದು), ಯಾಪ್ಯ, ಪ್ರತ್ಯಾಖ್ಯೇಯ (ಚಿಕಿತ್ಸೆಗೆ ಒಪ್ಪದೆ ಬಿಡಬೇಕಾದದ್ದು). ಯಾಪ್ಯವೆಂದರೆ ವಾಸಿಯಾಗದು, ಆದರೆ ಚಿಕಿತ್ಸೆಯಿಂದ ತಡೆದಿಡಬಹುದು. ಬೀಳಲಿರುವ ಮನೆಯನ್ನು ಸರಿಯಾಗಿ ಕೊಟ್ಟ ಆಸರೆಗಂಬ ಎತ್ತಿ ಹಿಡಿಯುವಂತೆ ಎಂದು ಸುಶ್ರುತ ಹೋಲಿಸುತ್ತಾನೆ. ವೆಂಟಿಲೇಟರಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆಯನ್ನು ನಾನು ಕಂಡಿಲ್ಲ. ಆದರೆ ಅದೇ ಮೂಲದ ‘ಕಾಲಯಾಪನೆ’ ಇಂದು ಸುಮ್ಮನೆ ದಿನ ದೂಡುವುದು ಎಂದಾಗಿದೆ. ‘ಯಾಪ್ಯ’ವನ್ನು ಮನೆಯವರ ಮುಂದೆ ಇಡಲಾರೆ.

ಇನ್ನು ಪತ್ರಿಕೆಗಳ ‘ನಿಷ್ಕ್ರಿಯ ದಯಾಮರಣ’, ಅಂದರೆ ಜೀವ ಉಳಿಸುವ ಚಿಕಿತ್ಸೆಯನ್ನು ಕೊಡದೆ ಅಥವಾ ತೆಗೆದು ಸಾವು ತಾನಾಗಿ ಬರಲು ಬಿಡುವುದು. ‘ಮಿದುಳು ನಿಷ್ಕ್ರಿಯ’ ಎಂದಾಗ ವ್ಯಕ್ತಿ ಆಗಲೇ ಸತ್ತಿದ್ದಾನೆ. ‘ನಿಷ್ಕ್ರಿಯ ದಯಾಮರಣ’ದಲ್ಲಿ ವ್ಯಕ್ತಿ ಬದುಕಿದ್ದಾನೆ, ನಿಷ್ಕ್ರಿಯವಾದದ್ದು ವೈದ್ಯರ ಕೈ. ಒಂದೇ ಪದ ಇಷ್ಟು ದೂರದ ಎರಡು ಸಂಗತಿಗಳನ್ನು ಹೊತ್ತರೆ ಗಾಬರಿಯಲ್ಲಿರುವವರು ಹೇಗೆ ಬಿಡಿಸಿಕೊಳ್ಳಬೇಕು? ಈ ಪದವನ್ನು ನಾನು ಬಳಸುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ‘ನಿಲ್ಲಿಸು’. ಉಸಿರು ನಿಂತಿತು, ಉಸಿರು ನಿಲ್ಲಿಸಿದರು. ಸತ್ತರು, ಸಾಯಿಸಿದರು. ಕ್ರಿಯಾಪದಕ್ಕೆ ‘ಇಸು’ ಪ್ರತ್ಯಯ ಸೇರಿದ ಕೂಡಲೇ ಒಬ್ಬ ಕರ್ತೃ ಬಂದು ನಿಲ್ಲುತ್ತಾನೆ, ಒಪ್ಪಿಗೆಗೆ ಸಹಿ ಹಾಕುವ ಮಗನಿಗೆ ಆ ಕರ್ತೃ ತಾನೇ ಎನಿಸುತ್ತದೆ. ಸಾವಿಗೆ ಕಾರಣ ರೋಗ ಎಂದು ವೈದ್ಯರು ಎಷ್ಟು ವಿವರಿಸಿದರೂ ವ್ಯಾಕರಣ ಬೇರೆಯದನ್ನೇ ಹೇಳುತ್ತಿರುತ್ತದೆ. ‘ಸಾಯಲು ಬಿಡುವುದು’ ಎಂದರೆ ಕೈಬಿಟ್ಟ ಹಾಗೆ. ‘ಹಿಂತೆಗೆತ’ ಮೊಕದ್ದಮೆಗೆ, ಸೇನೆಗೆ ಸಲ್ಲುವ ಮಾತು. ಚಿಕಿತ್ಸೆ ತೆಗೆಯುವುದು ಬೇಡವೆನ್ನುವ ಮನೆಯವರ ಮಾತೂ ಅಷ್ಟೇ ತೊಡಕಿನದು: ‘ಏನು ಬೇಕಾದರೂ ಮಾಡಿ, ಎಲ್ಲ ಮಾಡಿ’ ಎನ್ನುತ್ತಾರೆ. ಆ ‘ಎಲ್ಲ’ದಲ್ಲಿ ನಿಂತ ಹೃದಯವನ್ನು ಮತ್ತೆ ನಡೆಸಲು ಎದೆಯೊತ್ತುವುದು, ಅದರಲ್ಲಿ ಪಕ್ಕೆಲುಬು ಮುರಿಯುವುದು ಇದೆಯೇ, ಅಥವಾ ‘ನಮ್ಮನ್ನು ಬಿಟ್ಟು ಹೋಗಬೇಡಿ’ ಎಂಬುದಷ್ಟೇ ಇದೆಯೇ? ಬಹಳ ಸಲ ಎರಡನೆಯದೇ ಎಂದು ನನ್ನ ನಂಬಿಕೆ.

ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: ‘ರೋಗಿಗೆ ನೆರವಾಗದ ಯಂತ್ರ ಮತ್ತು ಔಷಧಗಳನ್ನು ತೆಗೆಯುವ ಬಗ್ಗೆ ನಿಮ್ಮೊಡನೆ ಮಾತನಾಡುತ್ತೇವೆ. ನೋವು, ಉಬ್ಬಸ ಕಾಡದಂತೆ ನೋಡಿಕೊಳ್ಳುವ ಆರೈಕೆ ಕೊನೆಯವರೆಗೂ ಇರುತ್ತದೆ.’ ‘ನೆರವಾಗದ’ ಎಂದಾಗ ಸೋತದ್ದು ಯಂತ್ರ, ರೋಗಿಯಲ್ಲ, ಮನೆಯವರೂ ಅಲ್ಲ. ಆದರೆ ಇಷ್ಟು ಮೆದುವಾದರೆ ಸಾವು ಹತ್ತಿರವಿದೆ ಎಂಬ ಸತ್ಯ ಮರೆಯಾದೀತೇ ಎಂಬ ಭಯವಿದೆ. ಅದನ್ನು ಮುಚ್ಚಿಡುವ ಹಕ್ಕು ನನಗಿಲ್ಲ.

ಬಲ್ಲವರಲ್ಲಿ ಎರಡು ಪ್ರಶ್ನೆ. ‘ಇಸು’ ಇಲ್ಲದೆ, ಕೈಬಿಟ್ಟ ಧ್ವನಿಯೂ ಇಲ್ಲದೆ ಈ ಕೆಲಸವನ್ನು ಹೇಳುವ ಕ್ರಿಯಾಪದ ನಿಮ್ಮ ಕಡೆಯ ಮಾತಿನಲ್ಲಿದೆಯೇ? ‘ತಕ್ಕದ್ದಲ್ಲದಿರಬಹುದಾದ’ ಎಂಬುದಕ್ಕೆ ಒಂದೆರಡು ಅಕ್ಷರದ ಬದಲಿ ತೋಚುತ್ತದೆಯೇ? ವೈದ್ಯರು ಮತ್ತು ದಾದಿಯರು ರೋಗಿಯ ಹಾಸಿಗೆಯ ಬಳಿ ನಿಜಕ್ಕೂ ಆಡುವ ಮಾತಾದರೆ ಇನ್ನೂ ಒಳ್ಳೆಯದು. ತಿದ್ದಿದ ಕರಡನ್ನು ಆ ಮಹಿಳೆಗೆ ಮತ್ತೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ.