ಪಿಗ್ಮಿಗೆ ಹೋಗುವ ಮನೆಯ ಮೊಲ: ನಾನೇನು ಮಾಡಬಹುದು?

ಪಿಗ್ಮಿ ಮಾಮ, ಬದಿಯಡ್ಕ

ನಾನು 19 ವರ್ಷದಿಂದ ಪಿಗ್ಮಿ, ಅಂದರೆ ದಿನದಿನದ ಉಳಿತಾಯದ ಹಣ, ಸಂಗ್ರಹ ಮಾಡುವವನು. ದಿನಾ ಅರುವತ್ತು ಮನೆ, ಅಂಗಡಿ ತಿರುಗುತ್ತೇನೆ. ಯಾರ ಮನೆಯ ಮಿಕ್ಸಿ ಕೆಟ್ಟಿತು, ಯಾರ ಹಟ್ಟಿಯಲ್ಲಿ ದನ ಕರು ಹಾಕಿತು, ಎಲ್ಲ ಗೊತ್ತಾಗುತ್ತದೆ. ಗೊತ್ತಾದರೂ ಗೊತ್ತಿಲ್ಲದವನ ಹಾಗೆ ಇರಬೇಕು. ಇಲ್ಲದಿದ್ದರೆ ಈ ಕೆಲಸ ನಡೆಯುವುದಿಲ್ಲ. ಆದರೆ ಒಂದು ಸಂಗತಿ ಒಂದೂವರೆ ತಿಂಗಳಿಂದ ತಲೆ ತಿನ್ನುತ್ತಿದೆ.

ಒಂದು ಮನೆಯಲ್ಲಿ ಹಣ ಕೊಡುವುದು ಹಿಂಬಾಗಿಲಲ್ಲಿ. ಯಜಮಾನರು ಗಲ್ಫಿನಲ್ಲಿ. ಮನೆಯಲ್ಲಿರುವುದು ಅತ್ತೆ, ಸೊಸೆ ಮತ್ತು ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶ ಕಾಯುತ್ತಾ ಮೊಬೈಲ್ ಒತ್ತುವ ಹುಡುಗ. ಎರಡು ವರ್ಷದ ಹಿಂದೆ ರಜೆಯಲ್ಲಿ ಬಂದ ಅಪ್ಪ ಮಗನಿಗೆ ಒಂದು ಜೊತೆ ಮೊಲ ತಂದುಕೊಟ್ಟಿದ್ದರು. ಒಂದು ಆ ಮಳೆಗಾಲದಲ್ಲೇ ಸತ್ತಿತು. ಇನ್ನೊಂದು ಉಂಟು. ಬಿಳಿ ಮೈ, ಕೆಂಪು ಕಣ್ಣು.

ಅದು ಇರುವುದು ಬಚ್ಚಲಿನ ಹಿಂದೆ, ತಗಡಿನ ಮಾಡಿನ ಅಡಿಯಲ್ಲಿ, ಹಳೆಯ ಕೋಳಿ ಗೂಡಿನಲ್ಲಿ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ ಇರಬಹುದು. ತಳವೂ ತಂತಿ ಬಲೆಯೇ. ನೀರಿಗೆ ಒಂದು ಗೆರಟೆ ಇಟ್ಟಿದ್ದಾರೆ, ನಾನು ಹೋಗುವ ಹನ್ನೊಂದೂವರೆಗೆ ಅದು ಯಾವಾಗಲೂ ಮಗುಚಿಯೇ ಇರುತ್ತದೆ. ತಿನ್ನಲು ಅನ್ನ, ಬಾಳೆಹಣ್ಣಿನ ಸಿಪ್ಪೆ, ಕೆಲವೊಮ್ಮೆ ಬಿಸ್ಕತ್ತು.

ವಿಷುವಿನ ಮರುದಿನ ಹೋದಾಗ ಅದು ಒಂದು ಮೂಲೆಯಲ್ಲಿ ಕಾಲೆಳೆಯುತ್ತಿತ್ತು. ಬಗ್ಗಿ ನೋಡಿದೆ. ಹಿಂಗಾಲಿನ ಉಗುರು ಸೊಪ್ಪು ಕೊಯ್ಯುವ ಕತ್ತಿಯ ಹಾಗೆ ಬಾಗಿ ಬಲೆಯ ತಂತಿಗೆ ಕೊಂಡಿ ಹಾಕಿಕೊಂಡಿತ್ತು. ಮೆಲ್ಲ ಬಿಡಿಸಿದೆ. ಪಾದದ ಅಡಿಯ ರೋಮ ಪೂರ್ತಿ ಸವೆದು ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಗೆ ಹಸಿಯಾಗಿತ್ತು. ಮೂಗಿನ ಮೇಲೆ, ಕಿವಿಯ ಅಂಚಿನಲ್ಲಿ ಬಿಳಿ ಹೊಪ್ಪಳೆ. ನಾನು ಬಿಡಿಸುವಾಗ ಅದು ಒದೆಯಲೂ ಇಲ್ಲ. ಅದೇ ನನಗೆ ಜಾಸ್ತಿ ಬೇಜಾರಾದದ್ದು.

ಅವರು ಕೆಟ್ಟ ಜನ ಅಲ್ಲ. ನಾನು ಹೆಲ್ಮೆಟ್ ಮರೆತು ಬಂದರೆ ಅದನ್ನು ಕೊಡಲು ಹುಡುಗನನ್ನು ರಸ್ತೆವರೆಗೆ ಓಡಿಸುವವರು. ಆದರೆ ಪಿಗ್ಮಿಗೆ ಬರುವವನು ಮನೆಯ ಹುಳುಕು ಹುಡುಕಿದ ಅಂತಾದರೆ ನಾಳೆಯಿಂದ ಆ ಬಾಗಿಲು ಮುಚ್ಚುತ್ತದೆ. ಆಮೇಲೆ ಮೊಲವನ್ನು ನೋಡುವವರೂ ಇಲ್ಲ. ಹೆಂಡತಿ ಹೇಳುವುದು, ನಿಮಗೆ ಪಿಗ್ಮಿ ಲೆಕ್ಕವೇ ಸರಿ ಬರುವುದಿಲ್ಲ, ಮೊಲದ ಲೆಕ್ಕ ಯಾಕೆ ಅಂತ.

ನನಗೆ ಅಲ್ಲಿ ಸಿಗುವುದು ದಿನಕ್ಕೆ ಮೂರು ನಿಮಿಷ. ಅಷ್ಟರಲ್ಲಿ ಏನು ಮಾಡಬಹುದು? ಮಾತು ಹೇಗೆ ಎತ್ತಲಿ?

ಕುಂಬ್ಳೆ ಎಕ್ಸ್‌ಪ್ರೆಸ್

ಮೂರು ನಿಮಿಷ ಧಾರಾಳ ಸಾಕು. ಎತ್ತಿ ಸಂಚಿಗೆ ಹಾಕಿ ಬನ್ನಿ. ಅವರಿಗೆ ಗೊತ್ತಾಗಲಿಕ್ಕೇ ನಾಲ್ಕು ದಿನ ಬೇಕು. ಇಲ್ಲದಿದ್ದರೆ ಪೊಲೀಸ್ ಕಂಪ್ಲೇಂಟ್ ಕೊಡಿ. ಅದೂ ಬೇಡವಾದರೆ ರಾತ್ರಿ ಬಾಗಿಲು ತೆಗೆದು ಗುಡ್ಡೆಗೆ ಬಿಟ್ಟುಬಿಡಿ, ಸ್ವತಂತ್ರವಾಗಿ ಬದುಕಿಕೊಳ್ಳಲಿ.

ಹಳೇ ಮೊಲದ ಶೆಡ್, ಮುಳ್ಳೇರಿಯ

ಕುಂಬ್ಳೆಯವರೇ, ಗುಡ್ಡೆಯ ವಿಷಯ ಮೊದಲು. ನಮ್ಮ ಗುಡ್ಡೆಯ ಕಾಡುಮೊಲವೇ ಬೇರೆ ಜಾತಿ, ಸಾಕುವ ಮೊಲವೇ ಬೇರೆ. ಸಾಕುವುದರ ಮೂಲ ಯುರೋಪಿನದ್ದು. ಬಿಳಿ ಮೈಯ ಪ್ರಾಣಿಯನ್ನು ಮುಳಿಹುಲ್ಲಿನ ಗುಡ್ಡೆಯಲ್ಲಿ ಬಿಟ್ಟರೆ ನಾಯಿಗೆ ಅಥವಾ ನರಿಗೆ ಬಡಿಸಿಟ್ಟ ಹಾಗೆ. ಬೆಳಗಾಗುವಾಗ ಇರುವುದಿಲ್ಲ.

ಎತ್ತಿಕೊಂಡು ಬಂದರೆ ಅದು ಕಳ್ಳತನ. ಸಾಕುಪ್ರಾಣಿ ಕಾನೂನಿನ ಲೆಕ್ಕದಲ್ಲಿ ಒಡೆಯನ ಸೊತ್ತು. ಕಂಪ್ಲೇಂಟ್ ಕೊಡಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಅಲುಗಾಡಲು ಜಾಗ ಇಲ್ಲದ ಗೂಡು, ಸಾಕಷ್ಟು ಅನ್ನ ನೀರು ಕೊಡದಿರುವುದು ಎರಡೂ ತಪ್ಪು ಅಂತ ಸ್ಪಷ್ಟ ಉಂಟು. ಆದರೆ ಮೊದಲ ಸಲದ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಅವರು ಐವತ್ತು ಕಟ್ಟಿ ಮನೆಗೆ ಬರುತ್ತಾರೆ. ಮೊಲ ಅದೇ ಗೂಡಿನಲ್ಲಿ. ಮಾಮನ ಪಿಗ್ಮಿ ಮಾತ್ರ ಹೋಯಿತು.

ಈಗ ಮಾಮನಿಗೆ. ನಾನು ಏಳು ವರ್ಷ ಮೊಲ ಸಾಕಿದವನು, ಮಾರಲಿಕ್ಕೆ. ಅದನ್ನು ಮುಚ್ಚಿಡುವುದಿಲ್ಲ. ನಷ್ಟ ಆಯಿತು, ಬಿಟ್ಟೆ. ಬುದ್ಧಿ ಮಾತ್ರ ಉಳಿಯಿತು.

ಹುಲ್ಲಿನಿಂದ ಶುರು ಮಾಡಿ. ಮೊಲಕ್ಕೆ ಊಟ ಅಂದರೆ ಹುಲ್ಲು, ಉಳಿದದ್ದೆಲ್ಲ ಮೇಲೋಗರ. ಅದರ ಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದು ಜಗಿದು ಸವೆಯಬೇಕು. ಅನ್ನ, ಬಿಸ್ಕತ್ತು ಕೊಟ್ಟರೆ ಹಲ್ಲೂ ಸವೆಯುವುದಿಲ್ಲ, ಹೊಟ್ಟೆಯೂ ಕೆಡುತ್ತದೆ. ಕ್ಯಾರೆಟ್ ಕೂಡ ಹಾಗೆಯೇ, ಅದರಲ್ಲಿ ಸಕ್ಕರೆ ಜಾಸ್ತಿ. ಪುಸ್ತಕದ ಚಿತ್ರ ನೋಡಿ ನಾವು ಮೋಸ ಹೋದದ್ದು. ದಿನಕ್ಕೆ ಅದರ ಮೈಯಷ್ಟು ದೊಡ್ಡ ಒಂದು ಕಟ್ಟು ಹುಲ್ಲು ಬೇಕು. ಗರಿಕೆ ಉತ್ತಮ. ದನಕ್ಕೆ ಹಾಕುವ ನೇಪಿಯರ್ ಆಗುತ್ತದೆ. ದಾಸವಾಳದ ಸೊಪ್ಪು, ನುಗ್ಗೆ ಸೊಪ್ಪು ಸ್ವಲ್ಪ ಸ್ವಲ್ಪ. ಮರಗೆಣಸಿನ ಹಸಿ ಸೊಪ್ಪು, ಕಣಗಿಲೆ ಬೇಡವೇ ಬೇಡ. ಇಷ್ಟು ದಿನ ಅನ್ನ ತಿಂದದ್ದಕ್ಕೆ ಒಂದೇ ದಿನ ಬುಟ್ಟಿ ತುಂಬ ಹಾಕಬೇಡಿ, ಹೊಟ್ಟೆ ಉಬ್ಬುತ್ತದೆ. ಮೊದಲ ದಿನ ಒಂದು ಹಿಡಿ. ಎರಡು ವಾರದಲ್ಲಿ ಪೂರ್ತಿ ಹುಲ್ಲಿಗೆ ತನ್ನಿ.

ಒಂದು ಎಚ್ಚರಿಕೆ. ಮಳೆ ಶುರುವಾಗುವಾಗ ಅಡಿಕೆಗೆ ಮೈಲುತುತ್ತಿನ ಮದ್ದು ಬಿಡುತ್ತಾರಲ್ಲ, ಆ ತೋಟದ ಬುಡದ ಹುಲ್ಲು ತರಬೇಡಿ. ಮರದಿಂದ ತೊಟ್ಟಿಕ್ಕಿದ್ದೆಲ್ಲ ಹುಲ್ಲಿನ ಮೇಲೆಯೇ. ಎಂಡೋಸಲ್ಫಾನ್ ಕಂಡ ಊರಿನವರಿಗೆ ಇದನ್ನು ನಾನು ಜಾಸ್ತಿ ವಿವರಿಸಬೇಕಾಗಿಲ್ಲ.

ಎರಡನೆಯದು ಪಾದ. ಒಂದು ಅಗಲದ ಅಡಿಕೆ ಹಾಳೆ ತೊಳೆದು ಒಣಗಿಸಿ, ಗೂಡಿನ ಅರ್ಧ ತಳಕ್ಕೆ ಹಾಸಿ. ಕಚ್ಚಿ ತಿಂದರೂ ತೊಂದರೆ ಇಲ್ಲ. ಗೋಣಿ ಹಾಕಬೇಡಿ, ನೂಲು ನುಂಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಹಾಳೆ ಬದಲಿಸಿ, ನಮ್ಮಲ್ಲಿ ಅದಕ್ಕೇನು ಬರಗಾಲ ಇಲ್ಲವಲ್ಲ. ಗೆರಟೆ ತೆಗೆದು ಭಾರದ ಮಣ್ಣಿನ ಅಥವಾ ಕಲ್ಲಿನ ಮರಿಗೆ ಇಡಿ, ಮಗುಚುವುದಿಲ್ಲ.

ಮತ್ತೆ ಸೆಕೆ. 30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ. ಅದು ನಮ್ಮ ಹಾಗೆ ಬೆವರುವುದಿಲ್ಲ, ಹೆಚ್ಚಾಗಿ ಕಿವಿಯಿಂದಲೇ ಬಿಸಿ ಹೊರಗೆ ಹಾಕಬೇಕು. ತಗಡಿನ ಮೇಲೆ ನಾಲ್ಕು ತೆಂಗಿನ ಮಡಲು ಹಾಕಿಸಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ತಂಪು ಜಾಗಕ್ಕೆ ತಂದು ಕಿವಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬಕೆಟಿಗೆ ಅದ್ದಬಾರದು, ಆಘಾತಕ್ಕೇ ಸಾಯಬಹುದು.

ಲೈವ್‌ಸ್ಟಾಕ್ ಅಕ್ಕ (ಈಗ ನಿವೃತ್ತಿ), ಪೆರ್ಲ

ಶೆಡ್ಡಿನ ಅಣ್ಣ ಹೇಳಿದ್ದು ಸರಿ. ಮೂಗು, ಕಿವಿಯ ಬಿಳಿ ಹೊಪ್ಪಳೆಯ ಬಗ್ಗೆ ನಾನು ಹೇಳುತ್ತೇನೆ. ಅದು ಹೆಚ್ಚಾಗಿ ಕಜ್ಜಿ. ಕಣ್ಣಿಗೆ ಕಾಣದ ಹುಳ ಚರ್ಮದೊಳಗೆ ಬಿಲ ತೋಡುವುದು. ಐವರ್‌ಮೆಕ್ಟಿನ್ ಇಂಜೆಕ್ಷನ್ನಿಗೆ ಚೆನ್ನಾಗಿ ಬಗ್ಗುತ್ತದೆ, ಎರಡು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕಾಗುತ್ತದೆ. ಡೋಸ್ ತೂಕ ನೋಡಿ ಡಾಕ್ಟ್ರೇ ಹೇಳಬೇಕು. ಪಂಚಾಯತಿನ ಮೃಗಾಸ್ಪತ್ರೆಗೆ ಬೆಳಿಗ್ಗೆ ಹೋದರೆ ಸಾಕು. ಮನೆಗೇ ಬರಬೇಕಾದ ಪರಿಸ್ಥಿತಿ ಇದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ.

ಅಲ್ಲಿಯವರೆಗೆ ಸೀಮೆಎಣ್ಣೆ, ಬೇವಿನೆಣ್ಣೆ ಹಚ್ಚಬೇಡಿ, ನೆಕ್ಕಿಕೊಳ್ಳುತ್ತದೆ. ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಹನಿಯನ್ನು ಮೊಲಕ್ಕೆ ಹಾಕಲೇಬಾರದು, ಪ್ರಾಣಕ್ಕೇ ಬರುತ್ತದೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಆ್ಯಂಟಿಬಯೋಟಿಕ್ ಬಾಯಿಗೆ ಹಾಕುವವರೂ ಇದ್ದಾರೆ. ಅದು ಮೊಲದ ಕರುಳಿನ ಒಳ್ಳೆಯ ಜೀವಾಣುಗಳನ್ನೇ ಕೊಂದು ಮೊಲವನ್ನೂ ಕೊಲ್ಲುತ್ತದೆ. ಮತ್ತೆ ಮಾಮ, ನೀವು ಮುಟ್ಟಿದ ಕೈ ಸೋಪಿನಲ್ಲಿ ತೊಳೆಯಿರಿ. ಆ ಹುಳ ಮನುಷ್ಯರಿಗೂ ಸ್ವಲ್ಪ ದಿನ ತುರಿಕೆ ತರುತ್ತದೆ. ಬೇಕಿದ್ದರೆ ಮಾತು ಎತ್ತಲು ಇದೇ ಒಂದು ದಾರಿ. “ಮಗನಿಗೆ ತುರಿಕೆ ಬಂದೀತು” ಅಂದರೆ ಯಾವ ಅಮ್ಮನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದಿನಾ ಹೋಗುವವರಲ್ವಾ, ಹಿಕ್ಕೆ ನೋಡಿ. ದೊಡ್ಡ ಕಡಲೆಯಷ್ಟು, ದುಂಡಗೆ, ತುಂಬಾ ಬಿದ್ದಿದ್ದರೆ ಆರೋಗ್ಯ. ಸಣ್ಣದಾದರೆ, ಇಲ್ಲವೇ ಇಲ್ಲ ಅಂತಾದರೆ, ಅರ್ಧ ದಿನದಿಂದ ಏನೂ ತಿಂದಿಲ್ಲ ಅಂತಾದರೆ ಕಾಯಬಾರದು. ಮೊಲದ ಹೊಟ್ಟೆ ನಿಂತರೆ ಬೇಗ ಹೋಗಿಬಿಡುತ್ತದೆ. ಮೆತ್ತಗಿನ ಹಿಕ್ಕೆಯನ್ನು ಅದೇ ತಿನ್ನುವುದು ಕಂಡರೆ ಹೇಸಬೇಡಿ, ಅದು ಅದರ ಎರಡನೇ ಊಟ.

ಮಳೆಗಾಲದಲ್ಲಿ ಹಿಂಭಾಗ ಒದ್ದೆ, ಕೊಳಕು ಇದ್ದರೆ ನೊಣ ಮೊಟ್ಟೆ ಇಟ್ಟು ಒಂದೇ ದಿನದಲ್ಲಿ ಹುಳ ಆಗುತ್ತದೆ. ಮೊದಲಿನ ಮೊಲ ಅದರಿಂದಲೇ ಹೋಯಿತೋ ಏನೋ.

ಮಂಜೇಶ್ವರದ ಸೊಸೆ

ನಾನು ಬೇರೆ ಕಡೆಯಿಂದ ಹೇಳುತ್ತೇನೆ. ಒಂದು ಕಾಲದಲ್ಲಿ ಆ ಹಿಂಬಾಗಿಲಿನ ಸೊಸೆ ನಾನೇ. ನಮ್ಮದು ಮೊಲ ಅಲ್ಲ, ಲವ್ ಬರ್ಡ್ಸ್. ತಂದವರು ಒಬ್ಬರು, ಆಸೆಪಟ್ಟವರು ಇನ್ನೊಬ್ಬರು, ಗೂಡು ತೊಳೆಯುವವಳು ನಾನು. ಬೆಳಿಗ್ಗೆ ಐದಕ್ಕೆ ಎದ್ದರೆ ಅತ್ತೆಯ ಮದ್ದು, ಮಗನ ಬುತ್ತಿ, ಹಟ್ಟಿ. ಹಕ್ಕಿಯ ಗೂಡು ಕಂಡರೆ ಮುಖ ತಿರುಗಿಸುತ್ತಿದ್ದೆ. ಪಾಪ ಅನ್ನಿಸುತ್ತಿರಲಿಲ್ಲ ಅಂತಲ್ಲ. ಪಾಪ ಅನ್ನಿಸುತ್ತದೆ ಅಂತಲೇ ಆ ಕಡೆ ಹೋಗುತ್ತಿರಲಿಲ್ಲ.

ಒಬ್ಬರು ಬಂದು “ಪಾಪ ಅಲ್ವಾ, ಹೀಗೆ ಇಡಬಾರದು” ಅಂದರು. ಮರುದಿನ ನಾನು ಗೂಡಿಗೆ ಹಳೆ ಸೀರೆ ಮುಚ್ಚಿದೆ, ಯಾರಿಗೂ ಕಾಣದ ಹಾಗೆ. ಇನ್ನೊಬ್ಬರು, ನಮ್ಮ ಹಾಲಿನವರು, ಏನೂ ಹೇಳದೆ ಒಂದು ತೆನೆ ನವಣೆ ತಂದು ಸಿಕ್ಕಿಸಿ ಹೋದರು. ಅವತ್ತು ನಾನೇ ಗೂಡು ತೊಳೆದೆ.

ಅಜ್ಜಿಯನ್ನು ಹಿಡಿಯಿರಿ ಮಾರಾಯ್ರೆ. ಸೊಸೆಗೆ ಪುರುಸೊತ್ತಿಲ್ಲ, ಹುಡುಗನಿಗೆ ಮನಸ್ಸಿಲ್ಲ. ಅಜ್ಜಿಗೆ ಎರಡೂ ಇರುತ್ತದೆ, ಯಾರೂ ಕೇಳುವುದಿಲ್ಲ ಅಷ್ಟೇ.

ಪಿಗ್ಮಿ ಮಾಮ, ಬದಿಯಡ್ಕ

ಹನ್ನೊಂದು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲ ದಿನ ಒಂದು ಹಿಡಿ ಗರಿಕೆ ತೆಗೆದುಕೊಂಡು ಹೋದೆ. ಎಲ್ಲಿಡುವುದು ಗೊತ್ತಾಗದೆ ಮೆಷಿನಿನ ಬ್ಯಾಗಿನಲ್ಲೇ ಇಟ್ಟಿದ್ದೆ. ರಶೀದಿ ಕೊಡುವಾಗ ಹುಲ್ಲೂ ಹೊರಗೆ ಬಂತು. ಸೊಸೆ ನಕ್ಕರು. “ಇದೇನು ಮಾಮ, ಬ್ಯಾಂಕಿನಲ್ಲಿ ಹುಲ್ಲೂ ತೆಗೆದುಕೊಳ್ಳುತ್ತಾರಾ?” ನಾನು, ತೋಟದಲ್ಲಿ ಜಾಸ್ತಿ ಇತ್ತು, ಮೊಲಕ್ಕೆ ಹಾಕಲಾ ಅಂದೆ. ಹಾಕಿ ಅಂದರು. ಅಷ್ಟೇ. ಒಂದೂವರೆ ತಿಂಗಳು ನಾನು ಹೆದರಿದ್ದು ಇಷ್ಟಕ್ಕೆ.

ಮೊಲ ಮೊದಲು ಮೂಸಿತು. ಒಂದು ಎಸಳು ಹಿಡಿದು ತುದಿಯಿಂದ ಒಳಗೆ ಎಳೆದುಕೊಂಡಿತು. ಬೀಡಿಯಂಗಡಿಯ ಕತ್ತರಿಯ ಹಾಗೆ ಚಕಚಕ ಸದ್ದು. ಹಿಂದಿನಿಂದ ಅಜ್ಜಿ, “ಅದು ಹುಲ್ಲು ತಿನ್ನುತ್ತದಾ? ನನಗೆ ಯಾರೂ ಹೇಳಲೇ ಇಲ್ಲ!” ಎಂದರು. ಎರಡು ದನ ಸಾಕಿದ ಹೆಂಗಸು. ಮಂಡಿ ನೋವು ಅಂತ ಹಟ್ಟಿ ಖಾಲಿ ಮಾಡಿದ್ದಾರಂತೆ.

ಮೂರನೇ ದಿನದಿಂದ ಹುಲ್ಲು ನಾನು ಒಯ್ಯಬೇಕಾಗಿ ಬರಲಿಲ್ಲ. ಹಾಳೆಯೂ ಬಿತ್ತು, ಮಡಲೂ ಬಿತ್ತು. ನೀರಿಗೆ ಉಪ್ಪಿನಕಾಯಿಯ ಹಳೆ ಮರಿಗೆ. ತುರಿಕೆಯ ಮಾತು ಎತ್ತಿದ್ದಕ್ಕೆ ಸೊಸೆಯೇ ಆಟೋ ಕರೆದು ಹುಡುಗನನ್ನೂ ಅಜ್ಜಿಯನ್ನೂ ಮೃಗಾಸ್ಪತ್ರೆಗೆ ಕಳಿಸಿದರು. ಹುಡುಗ ಕಿವಿ ಹಿಡಿದು ಎತ್ತಲು ಹೊರಟಿದ್ದನಂತೆ. ಡಾಕ್ಟ್ರು ಬೈದು, ಒಂದು ಕೈ ಎದೆಯ ಅಡಿಗೆ, ಒಂದು ಕೈ ಹಿಂಭಾಗಕ್ಕೆ ಕೊಟ್ಟು ಎತ್ತುವುದು ತೋರಿಸಿದರಂತೆ. ಇಂಜೆಕ್ಷನ್ ಆಯಿತು, ಉಗುರೂ ಕತ್ತರಿಸಿದರು. ಬಿಳಿ ಉಗುರಿನೊಳಗೆ ಗುಲಾಬಿ ಗೆರೆ ಕಾಣುವ ಜಾಗಕ್ಕಿಂತ ಮುಂದೆ ಕತ್ತರಿಸಬೇಕು ಅಂತ ಆ ಹುಡುಗ ಈಗ ನನಗೇ ಪಾಠ ಮಾಡುತ್ತಾನೆ.

ಪೂರ್ತಿ ಸರಿಯಾಯಿತು ಅಂತಲ್ಲ. ಗೂಡು ಅದೇ. ದೊಡ್ಡದು ಮಾಡಿಸೋಣ ಅಂದರೆ ಸೊಸೆ, “ದಾನೆ ಮಲ್ಪುನಿ (ಏನು ಮಾಡುವುದು) ಮಾಮ, ಅವರು ಬಂದ ಮೇಲೆ ನೋಡುವ” ಅಂದರು. ಅವರು ಬರುವುದು ಡಿಸೆಂಬರಿಗೆ. ಸದ್ಯಕ್ಕೆ ಅಜ್ಜಿ ಸಂಜೆ ಹಟ್ಟಿಯ ಬಾಗಿಲು ಹಾಕಿ ಒಂದು ಗಂಟೆ ಒಳಗೆ ಬಿಡುತ್ತಾರೆ. ಪಾದದ ಹುಣ್ಣು ಒಣಗುತ್ತಿದೆ. ಮೊನ್ನೆ ನಾನು ಹೋದಾಗ ಹಿಂಗಾಲಲ್ಲಿ ಒದ್ದು ನನ್ನ ಪ್ಯಾಂಟಿಗೆ ಮಣ್ಣು ಹಾರಿಸಿತು.

ಈಗ ಅಜ್ಜಿಯ ಪ್ರಶ್ನೆ. ಮಳೆ ಹಿಡಿದ ಮೇಲೆ ಒದ್ದೆ ಹುಲ್ಲೇ ಸಿಗುವುದು. ಬೈಹುಲ್ಲು ಕೊಟ್ಟರೆ ಆಗುತ್ತದಾ ಅಂತ ಕೇಳಲು ಹೇಳಿದ್ದಾರೆ.

ಹಳೇ ಮೊಲದ ಶೆಡ್, ಮುಳ್ಳೇರಿಯ

ಬೈಹುಲ್ಲು ಹಾಸಲು ಒಳ್ಳೆಯದು, ಹೊಟ್ಟೆಗೆ ಅದೊಂದೇ ಸಾಲದು. ಈಗ ಬಿಸಿಲಿರುವಾಗಲೇ ಹುಲ್ಲು ಕೊಯ್ದು ಎರಡು ಮೂರು ದಿನ ಅಂಗಳದಲ್ಲಿ ಮಗುಚಿ ಒಣಗಿಸಿ ಅಟ್ಟಕ್ಕೆ ಹಾಕಲಿ. ಮಳೆಗಾಲದ ಹಸಿ ಹುಲ್ಲನ್ನು ಹಿಂದಿನ ರಾತ್ರಿಯೇ ತಂದು ಒಲೆಯ ಹತ್ತಿರ ಹರಡಿಟ್ಟು ಬಾಡಿಸಿ ಕೊಟ್ಟರಾಯಿತು. ಬೂಸಲು ಹಿಡಿದದ್ದು ಮಾತ್ರ ಬೇಡ. ಮತ್ತೆ, ಎರಡನೇ ಇಂಜೆಕ್ಷನ್ನಿನ ದಿನ ಮರೆಯಬೇಡಿ. ಅವರು ಮರೆತರೂ ನಿಮಗೆ ದಿನ ಲೆಕ್ಕ ಇಡುವುದು ಕಷ್ಟವಲ್ಲವಲ್ಲ.